ಕಾಣೆಯಾದವರು 1499

ನಾನು ಅಮೆರಿಕಕ್ಕೆ ಹೋದದ್ದು ಮಗಳ ಬಾಣಂತನಕ್ಕೆ, ಯುದ್ಧಭೂಮಿ ನೋಡುವುದಕ್ಕಲ್ಲ. ಶಾಲೆಗೆ ರಜೆ ಹಾಕಿ, ಮೆಂತ್ಯ, ಒಣಶುಂಠಿ, ಬಜೆ, ಹಳೆಯ ಪಂಚೆಯ ಮೆತ್ತನೆಯ ತುಂಡುಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟಾಗ, ಗೆಟ್ಟಿಸ್‌ಬರ್ಗ್ ಎಂಬ ಊರು ಮೇರಿಲ್ಯಾಂಡಿನಲ್ಲಿದ್ದ ಅವಳ ಮನೆಯಿಂದ ಒಂದು ಗಂಟೆಯ ದಾರಿ ಎಂಬುದು ನನಗೆ ಗೊತ್ತಿರಲಿಲ್ಲ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ದಿನ ಅಳಿಯಂದಿರು, “ಅತ್ತೆ, ನೀವು ಚರಿತ್ರೆ ಪಾಠ ಮಾಡೋರು. ಲಿಂಕನ್ ಭಾಷಣ ಮಾಡಿದ ಜಾಗ ಇಲ್ಲೇ ಹತ್ತಿರ ಇದೆ. ಬನ್ನಿ, ಒಂದು ಭಾನುವಾರ ಹೋಗಿಬರೋಣ” ಎಂದರು. ಮಗುವಿನ ತಲೆಗೆ ಕುಲಾವಿ ಕಟ್ಟಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಟೆವು.

ತರಗತಿಯಲ್ಲಿ ಅಮೆರಿಕದ ಅಂತರ್ಯುದ್ಧವನ್ನು ನಾನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. 1861ರಿಂದ 1865. ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಸಿಡಿದುಹೋದವು, ಲಿಂಕನ್ ಒಕ್ಕೂಟವನ್ನು ಉಳಿಸಿದ, ಗುಲಾಮರಿಗೆ ಬಿಡುಗಡೆಯಾಯಿತು, ಲಿಂಕನ್ ಗುಂಡಿಗೆ ಬಲಿಯಾದ. ಮಕ್ಕಳು ಬರೆದುಕೊಳ್ಳುತ್ತಿದ್ದರು. ನಾಲ್ಕು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಸತ್ತವರ ಸಂಖ್ಯೆಯನ್ನು ಹೇಳುವಾಗ ಲಕ್ಷಗಳಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಯುದ್ಧ ದೂರದ್ದಾದಷ್ಟೂ ಸೊನ್ನೆಗಳು ಹಗುರವಾಗುತ್ತವೆ.

ಗೆಟ್ಟಿಸ್‌ಬರ್ಗ್ ಕಲ್ಲುಗಳ ಊರು. ಸ್ಮಾರಕಗಳು, ಫಲಕಗಳು ಎಲ್ಲ ಸೇರಿ 1300ಕ್ಕೂ ಹೆಚ್ಚು ಅಲ್ಲಿ ನಿಂತಿವೆ. ಜೋಳದ ಹೊಲದ ಬದಿಯಲ್ಲಿ ಒಂದು, ಮರದ ಬೇಲಿಯ ಪಕ್ಕದಲ್ಲಿ ಇನ್ನೊಂದು, ದಿಬ್ಬದ ನೆತ್ತಿಯ ಮೇಲೆ ಮತ್ತೊಂದು. ಕಂಬ, ಗೋಪುರ, ಕುದುರೆಯ ಮೇಲೆ ಕುಳಿತ ಸೇನಾಪತಿ, ಬಂದೂಕು ಹಿಡಿದ ಸಿಪಾಯಿ. 1863ರ ಜುಲೈ 1, 2, 3, ಈ ಮೂರು ದಿನಗಳಲ್ಲಿ ಎರಡೂ ಕಡೆಯವರು ಸೇರಿ ಸುಮಾರು 51,000 ಮಂದಿ ಇಲ್ಲಿ ಸತ್ತರು, ಗಾಯಗೊಂಡರು, ಸೆರೆಸಿಕ್ಕರು ಅಥವಾ ಕಾಣೆಯಾದರು. ಆಗ ಆ ಊರಿನ ಜನಸಂಖ್ಯೆಯೇ ಸುಮಾರು 2,400.

ಮಗು ಕಾರಿನಲ್ಲಿ ನಿದ್ದೆಹೋಗಿತ್ತು. ಮಗಳು ಅಲ್ಲೇ ಕುಳಿತಳು. ನಾನೂ ಅಳಿಯಂದಿರೂ ಪಶ್ಚಿಮದ ದಿಬ್ಬದ ಮರಗಳ ಸಾಲಿನಲ್ಲಿ ನಡೆಯುತ್ತ ಹೊರಟೆವು. ಅಲ್ಲಿ ದಕ್ಷಿಣದ ಸೇನೆ ಬೀಡುಬಿಟ್ಟಿದ್ದ ಸಾಲಿನುದ್ದಕ್ಕೂ ರಸ್ತೆಯಿದೆ. ಜನರಲ್ ಲೀ ಕುದುರೆಯೇರಿ ನಿಂತ ವರ್ಜೀನಿಯಾ ರಾಜ್ಯದ ದೊಡ್ಡ ಸ್ಮಾರಕದ ಸುತ್ತ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಯಾರೂ ನಿಲ್ಲದ ಒಂದು ಕಲ್ಲು. ಅದಕ್ಕೆ ಕೂಡಿಸಿದ ಕಂಚಿನ ಹಲಗೆ. ವಿಗ್ರಹವಿಲ್ಲ, ಅಲಂಕಾರವಿಲ್ಲ, ಬರೀ ಅಕ್ಷರ. ಪಿಕೆಟ್ ಡಿವಿಷನ್ನಿನ ಫಲಕ ಅದು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವಳಿಗೆ ಬರೆದದ್ದು ಕಂಡರೆ ಓದದೆ ಮುಂದೆ ಹೋಗುವ ಅಭ್ಯಾಸವಿಲ್ಲ. ನಿಂತೆ.

ಪಿಕೆಟ್‌ನ ಹೆಸರನ್ನು ಅಮೆರಿಕದ ಶಾಲಾಮಕ್ಕಳೆಲ್ಲ ಬಲ್ಲರಂತೆ. ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ದಕ್ಷಿಣದ ಸುಮಾರು 150 ಫಿರಂಗಿಗಳು ಒಟ್ಟಿಗೆ ಗುಡುಗತೊಡಗಿದವು. ಮೂರು ಗಂಟೆಯ ಸುಮಾರಿಗೆ ಹೊಗೆ ತೆಳುವಾದಾಗ ಸುಮಾರು 12,500 ಮಂದಿ ಈ ಮರಗಳ ಮರೆಯಿಂದ ಹೊರಬಂದು ಸಾಲುಗಟ್ಟಿ ನಡೆಯತೊಡಗಿದರು. ಎದುರಿಗೆ ಮುಕ್ಕಾಲು ಮೈಲಿ ಬಯಲು, ನಡುವೆ ಒಂದು ರಸ್ತೆ, ಅದರ ಎರಡೂ ಕಡೆ ಹತ್ತಿ ಇಳಿಯಬೇಕಾದ ಮರದ ಬೇಲಿ, ಆಚೆ ಒಂದು ಮೋಟು ಕಲ್ಲುಗೋಡೆ, ಗೋಡೆಯ ಹಿಂದೆ ಉತ್ತರದವರ ಬಂದೂಕುಗಳು. ಲೀಯ ಬಲಗೈಯಂತಿದ್ದ ಲಾಂಗ್‌ಸ್ಟ್ರೀಟ್‌ಗೆ ಇದು ಬೇಡವಾಗಿತ್ತು. ಲೀ ಕೇಳಲಿಲ್ಲ. ಮೂರು ಡಿವಿಷನ್ನುಗಳು ಹೊರಟರೂ ಇತಿಹಾಸದಲ್ಲಿ ಉಳಿದ ಹೆಸರು ಪಿಕೆಟ್‌ನದೊಂದೇ. ಒಂದು ಗಂಟೆಯೊಳಗೆ ಎಲ್ಲ ಮುಗಿದಿತ್ತು. ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹಿಂತಿರುಗಲಿಲ್ಲ. ಡಿವಿಷನ್ನನ್ನು ಮತ್ತೆ ಅಣಿಮಾಡು ಎಂದು ಲೀ ಹೇಳಿದಾಗ, ನನ್ನ ಬಳಿ ಈಗ ಡಿವಿಷನ್ನೇ ಇಲ್ಲ ಎಂದು ಪಿಕೆಟ್ ಉತ್ತರಿಸಿದನೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆ.

ಫಲಕದಲ್ಲಿ ಈ ಕಥೆಯಿಲ್ಲ. ಯಾವ ಸೇನೆ, ಯಾವ ಕೋರ್, ಡಿವಿಷನ್ನಿನ ಅಧಿಪತಿ ಯಾರು, ಗಾರ್ನೆಟ್, ಆರ್ಮಿಸ್ಟೆಡ್, ಕೆಂಪರ್ ಎಂಬ ಮೂವರ ಬ್ರಿಗೇಡುಗಳು, ಡಿಯರಿಂಗ್‌ನ ಫಿರಂಗಿ ದಳ. ಜುಲೈ 1ರಂದು ಚೇಂಬರ್ಸ್‌ಬರ್ಗ್‌ನಲ್ಲಿ ಸಾಮಾನು ಗಾಡಿಗಳ ಕಾವಲು, ಆಮೇಲೆ ಇಲ್ಲಿಗೆ ಬಂದದ್ದು, 3ರಂದು ದಾಳಿ. ಕೊನೆಗೆ ಲೆಕ್ಕ: ಸತ್ತವರು 232, ಗಾಯಗೊಂಡವರು 1157, ಕಾಣೆಯಾದವರು 1499, ಒಟ್ಟು 2888.

ಇಂಥ ಒಣ ಬರವಣಿಗೆಗೆ ಕಾರಣವಿದೆ. 1893ರಲ್ಲಿ ಅಮೆರಿಕದ ಯುದ್ಧ ಇಲಾಖೆ ಈ ರಣಭೂಮಿಗೊಂದು ಆಯೋಗವನ್ನು ನೇಮಿಸಿತು. ಅದರಲ್ಲಿ ಉತ್ತರದವರ ಜೊತೆಗೆ ದಕ್ಷಿಣದ ಪರವಾಗಿ ಹೋರಾಡಿದವರೊಬ್ಬರೂ ಇದ್ದರು. ಎರಡೂ ಸೇನೆಗಳ ಪ್ರತಿಯೊಂದು ತುಕಡಿ ನಿಂತ ಜಾಗವನ್ನು ಗುರುತಿಸಿ ಫಲಕ ನೆಡಬೇಕು, ಬರೆಯುವುದು ಹೊಗಳಿಕೆಯಿಲ್ಲದೆ, ತೆಗಳಿಕೆಯಿಲ್ಲದೆ ಇರಬೇಕು ಎಂಬುದು ನಿಯಮ. ಒಂದೇ ಮನೆಯ ಅಣ್ಣತಮ್ಮಂದಿರು ಹೊಡೆದಾಡಿಕೊಂಡ ಮೇಲೆ ಮತ್ತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾದರೆ ಹೀಗೇ ಮಾತಾಡಬೇಕಾಗುತ್ತದೆ. ಯಾರ ತಪ್ಪು ಎಂಬುದನ್ನು ಎಲೆಯ ಮುಂದೆ ಎತ್ತುವ ಹಾಗಿಲ್ಲ.

ನನಗೆ ನಮ್ಮ ವೀರಗಲ್ಲುಗಳು ನೆನಪಾದವು. ಊರಿನ ಕೆರೆಯ ಏರಿಯ ಮೇಲೆ ಮೂರು ಪಟ್ಟಿಕೆಗಳ ಒಂದು ಕಲ್ಲಿತ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಮುಂದೆ ಕುಳಿತ ಅವನೇ. ಆ ಶಿಲ್ಪಿಗೆ ಸಂದೇಹವಿರಲಿಲ್ಲ. ಸತ್ತವನು ಎಲ್ಲಿದ್ದಾನೆಂಬುದು ಅವನಿಗೆ ನಿಶ್ಚಿತವಾಗಿ ಗೊತ್ತಿತ್ತು. ಈ ಕಂಚಿನ ಹಲಗೆಯನ್ನು ಬರೆಸಿದವರಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಎಲ್ಲಿದ್ದಾರೆಂಬುದೇ ಗೊತ್ತಿರಲಿಲ್ಲ.

ಕಾಣೆಯಾದವರು ಅಷ್ಟೊಂದು ಮಂದಿಯೆ? ಲೆಕ್ಕ ತಪ್ಪಿರಬೇಕು ಎಂದು ಮೇಡಂ ಬುದ್ಧಿ ಎದ್ದಿತು. ಆಸುಪಾಸಿನಲ್ಲೇ ಒಂದೊಂದು ಬ್ರಿಗೇಡಿಗೂ ಬೇರೆ ಫಲಕಗಳಿವೆ. ಹುಡುಕಿ ಓದಿ, ಕೈಚೀಲದ ಚೀಟಿಯ ಹಿಂದೆ ಬರೆದು ಕೂಡಿದೆ. ಗಾರ್ನೆಟ್ ಬ್ರಿಗೇಡಿನಲ್ಲಿ ಕಾಣೆಯಾದವರು 539, ಆರ್ಮಿಸ್ಟೆಡ್‌ನದರಲ್ಲಿ 643, ಕೆಂಪರ್‌ನದರಲ್ಲಿ 317. ಕೂಡಿದರೆ ಸರಿಯಾಗಿ 1499. ಒಬ್ಬನೂ ಹೆಚ್ಚಿಲ್ಲ, ಒಬ್ಬನೂ ಕಡಿಮೆಯಿಲ್ಲ. “ಯಾಕತ್ತೆ, ಏನು ಲೆಕ್ಕ?” ಎಂದರು ಅಳಿಯಂದಿರು. “ಏನಿಲ್ಲ, ತಾಳೆಯಾಯಿತು” ಎಂದೆ. ಗಂಟಲು ಕಟ್ಟಿದಂತಾಗಿತ್ತು. ಆ ಇಂಗ್ಲಿಷ್ ಪದ, ‘ಮಿಸ್ಸಿಂಗ್’ ಎಂಬುದು, ನಮ್ಮ ತಾಯಿಯ ತವರುಮನೆಗೆ ಒಂದು ದಿನ ತಂತಿಯಲ್ಲಿ ಬಂದಿತ್ತು.

ನನ್ನ ಸೋದರಮಾವ ಸೇನೆಯಲ್ಲಿ ಲಾರಿ ಓಡಿಸುತ್ತಿದ್ದರು. 1962ರ ಚೀನಾ ಯುದ್ಧದಲ್ಲಿ ಆಗ ನೇಫಾ ಎನ್ನುತ್ತಿದ್ದ ಗಡಿಯಲ್ಲಿದ್ದರು. ನಾನು ಹುಟ್ಟುವ ಮೊದಲಿನ ಮಾತು. ಅಮ್ಮ ಹೇಳಿ ಹೇಳಿ ನನಗೆ ಕಣ್ಣಿಗೆ ಕಟ್ಟಿದೆ. ಅರಕಲಗೂಡಿನ ಕಡೆಯ ಆ ಹಳ್ಳಿಯಲ್ಲಿ ಇಂಗ್ಲಿಷ್ ಬಲ್ಲವರು ಶಾಲೆಯ ಹೆಡ್‌ಮೇಷ್ಟರೊಬ್ಬರೇ. ಜಗಲಿಯ ಮೇಲೆ ಕುಳಿತು ತಂತಿಯನ್ನು ಎರಡು ಸಲ ಓದಿಕೊಂಡು, ಬಹಳ ಹೊತ್ತು ಯೋಚಿಸಿ, “ಸಿಕ್ಕಿಲ್ಲವಂತೆ” ಎಂದರಂತೆ. ಅತ್ತೆ, ಎಂದರೆ ಮಾವನ ಹೆಂಡತಿ, ಬಾಗಿಲ ಹಿಂದೆ ನಿಂತಿದ್ದರು. ಹತ್ತೊಂಬತ್ತು ವರ್ಷ. ಮದುವೆಯಾಗಿ ಒಂದೂವರೆ ವರ್ಷ, ಮಕ್ಕಳಿಲ್ಲ. ಮೇಷ್ಟರು ಹೇಳಿದ್ದು ‘ಸಿಕ್ಕಿಲ್ಲ’ ಎಂದು. ಅತ್ತೆ ಕೇಳಿಸಿಕೊಂಡದ್ದು ‘ಇನ್ನೂ ಸಿಕ್ಕಿಲ್ಲ’ ಎಂದು. ಆ ‘ಇನ್ನೂ’ ಎಂಬ ಮಾತನ್ನು ಹಿಡಿದುಕೊಂಡೇ ಅವರು ಮುಂದಿನ ಮೂವತ್ತಾರು ವರ್ಷ ಬದುಕಿದರು.

ಆ ಯುದ್ಧದ ಸರ್ಕಾರಿ ಲೆಕ್ಕದಲ್ಲಿ ನಮ್ಮ ಕಡೆ ಸತ್ತವರು 1383, ಕಾಣೆಯಾದವರು 1696, ಸೆರೆಸಿಕ್ಕವರು 3968. ಅಲ್ಲಿಯೂ ಸತ್ತವರಿಗಿಂತ ಕಾಣೆಯಾದವರೇ ಹೆಚ್ಚು. 1963ರಲ್ಲಿ ಚೀನಾದವರು ಸೆರೆಯಾಳುಗಳನ್ನು ಬಿಟ್ಟರು ಎಂದು ಪತ್ರಿಕೆಯಲ್ಲಿ ಬಂದಾಗ ಅಜ್ಜ ಬೆಂಗಳೂರಿಗೆ ಹೋಗಿ ವಿಚಾರಿಸಿದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಮನೆಗೆ ಬಂದು, “ಎಲ್ಲರನ್ನೂ ಒಂದೇ ಸಲ ಬಿಡೋದಿಲ್ಲವಂತೆ” ಎಂದಷ್ಟೇ ಹೇಳಿದರು. ಅಜ್ಜ ಸುಳ್ಳು ಹೇಳಿದ್ದನ್ನು ಅಮ್ಮ ಕಂಡದ್ದು ಅದೊಂದೇ ಸಲ.

ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಂತೆಯೇ ಎಂದು ಭಾವಿಸಬಹುದೆಂಬ ಕಾನೂನಿದೆ. ಪಿಂಚಣಿಯ ಕಾಗದಗಳು ಬಂದವು. ಅವುಗಳಲ್ಲಿ ಒಂದು ಕಡೆ ‘ವಿಧವೆ’ ಎಂಬ ಪದವಿತ್ತು. ಅತ್ತೆ ರುಜು ಮಾಡಲಿಲ್ಲ. ಕಾಗದ ಮೂರು ವರ್ಷ ಗೂಡಿನಲ್ಲಿ ಬಿದ್ದಿತ್ತು. ಮಳೆ ಹೋಗಿ, ಅಜ್ಜ ಹಾಸಿಗೆ ಹಿಡಿದ ವರ್ಷ, ಯಾರೂ ಹೇಳದೆ ಅತ್ತೆಯೇ ಕಾಗದ ಇಳಿಸಿ ಹೆಸರು ಬರೆದರು. ಬರೆದು, ಒಳಗೆ ಹೋಗಿ ಮುಖ ತೊಳೆದು, ಹಣೆಗೆ ಹೊಸದಾಗಿ ಕುಂಕುಮ ಇಟ್ಟುಕೊಂಡು ಬಂದು ಅಕ್ಕಿ ಆರಿಸುತ್ತ ಕುಳಿತರು. ಬೇಸಗೆ ರಜದಲ್ಲಿ ಅಲ್ಲಿಗೆ ಹೋಗುತ್ತಿದ್ದ ನನಗೆ ಗೊತ್ತಿದ್ದದ್ದು ಇಷ್ಟೆ: ಆ ಮನೆಯಲ್ಲಿ ರಾತ್ರಿಯ ಕೊನೆಯ ಬಸ್ಸು ಊರು ದಾಟುವ ತನಕ ಮುಂಬಾಗಿಲಿಗೆ ಅಗಳಿ ಹಾಕುವಂತಿಲ್ಲ.

ಹಾಗಾಗಿ ಗೆಟ್ಟಿಸ್‌ಬರ್ಗ್‌ನ ಆ ಕಲ್ಲಿನ ಮುಂದೆ ನಿಂತು ನನಗೆ ಮೊದಲು ಹೊಳೆದದ್ದು ಅದು ನಿಂತಿರುವ ಜಾಗದ ವಿಷಯ. ಆ ಡಿವಿಷನ್ನಿನವರು ಬಿದ್ದದ್ದು ಇಲ್ಲಲ್ಲ. ಅದೋ ಅಲ್ಲಿ, ಬಯಲಿನ ಆಚೆ. ಸ್ಮಾರಕಗಳು ತುಕಡಿ ಯುದ್ಧಕ್ಕೆ ಸಾಲುಗಟ್ಟಿ ನಿಂತ ಜಾಗದಲ್ಲೇ ಇರಬೇಕೆಂಬುದು ಆ ಮೈದಾನದ ಹಳೆಯ ನಿಯಮ. 1880ರ ದಶಕದಲ್ಲಿ ಡಿವಿಷನ್ನಿನ ಬದುಕುಳಿದ ಮುದುಕರು ಕಲ್ಲುಗೋಡೆಯ ಬಳಿ, ತಮ್ಮವರು ಬಿದ್ದಲ್ಲೇ, ಸ್ಮಾರಕ ಕಟ್ಟಲು ಕೇಳಿದರು. ಆಗ ಮೈದಾನವನ್ನು ನೋಡಿಕೊಳ್ಳುತ್ತಿದ್ದ ಸಂಘ ಒಪ್ಪಲಿಲ್ಲ. ಅವರು ಅದನ್ನು ವರ್ಜೀನಿಯಾದ ರಿಚ್‌ಮಂಡ್‌ಗೆ ಒಯ್ದು, 1888ರಲ್ಲಿ ಹಾಲಿವುಡ್ ಎಂಬ ಸ್ಮಶಾನದಲ್ಲಿ ಪಿಕೆಟ್‌ನ ಗೋರಿಯ ಮೇಲೆ ನಿಲ್ಲಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರ ಫಲಕ ಹಾಕಿದಾಗ ಅದು ಬಂದದ್ದು ಇಲ್ಲಿಗೆ, ಮರಗಳ ಅಂಚಿಗೆ. ಎಂದರೆ ಕಾಣೆಯಾದವರ ಲೆಕ್ಕ ಹೊತ್ತ ಕಲ್ಲು ನಿಂತಿರುವುದು ಅವರು ಹೊರಟ ಹೊಸ್ತಿಲಲ್ಲಿ. ಕಾಣೆಯಾದವರನ್ನು ಕಾಯುವುದು ಅಲ್ಲಿಯೇ ತಾನೆ?

ಮನೆಗೆ ಬಂದ ಮೇಲೆ ಮಗಳ ಊರಿನ ಗ್ರಂಥಾಲಯದಿಂದ ಪುಸ್ತಕ ತರಿಸಿ, ಮಗು ಮಲಗಿದಾಗಲೆಲ್ಲ ಓದಿದೆ. ಆ 1499 ಮಂದಿ ಏನಾದರು?

ಹೆಚ್ಚಿನವರು ಸೆರೆಸಿಕ್ಕಿದ್ದರು. ಹಲವರು ಗಾಯಗೊಂಡು ಸಿಕ್ಕವರು. ಫೋರ್ಟ್ ಡೆಲವೇರ್, ಪಾಯಿಂಟ್ ಲುಕೌಟ್ ಎಂಬ ಬಂದೀಖಾನೆಗಳಲ್ಲಿ ಜ್ವರ, ಬೇಧಿ, ಚಳಿಗಳಿಂದ ಅನೇಕರು ಸತ್ತರು. ಉಳಿದವರು ಹೊಲದಲ್ಲೇ ಹೆಣವಾಗಿದ್ದವರು. ಹೊಲ ಉತ್ತರದವರ ಕೈಯಲ್ಲಿ ಉಳಿದದ್ದರಿಂದ ದಕ್ಷಿಣದವರಿಗೆ ತಮ್ಮ ಹೆಣ ಎಣಿಸುವ ಅವಕಾಶವೇ ಸಿಗಲಿಲ್ಲ. ಎಣಿಸಬೇಕಾದ ಅಧಿಕಾರಿಗಳೂ ಇರಲಿಲ್ಲ. ಮೂವರು ಬ್ರಿಗೇಡ್ ಅಧಿಪತಿಗಳೂ ಬಿದ್ದಿದ್ದರು. ಗಾರ್ನೆಟ್ ಬ್ರಿಗೇಡಿನ ವರದಿಯನ್ನು ಬರೆದವನು ಪೇಟನ್ ಎಂಬ ಮೇಜರ್. ಹಿಂದಿನ ವರ್ಷವೇ ಒಂದು ತೋಳನ್ನು ಕಳೆದುಕೊಂಡಿದ್ದವನು. ಪಿಕೆಟ್ ತಾನೊಂದು ವರದಿ ಬರೆದ. ಅದರಲ್ಲಿ ಬೇರೆಯವರ ಮೇಲೆ ದೂರಿತ್ತು; ಅದನ್ನು ನಾಶಮಾಡಿ ಬರೀ ನಷ್ಟದ ವಿವರ ಬರೆದುಕೊಡು ಎಂದು ಲೀ ಹಿಂತಿರುಗಿಸಿದ. ಆ ವರದಿ ಇಂದಿಗೂ ಸಿಕ್ಕಿಲ್ಲ. ತೆಗಳಿಕೆಯಿಲ್ಲದ ಬರವಣಿಗೆ ಫಲಕಕ್ಕಿಂತ ಬಹಳ ಮೊದಲೇ ಶುರುವಾಗಿತ್ತು. ಬಹುಕಾಲದ ಮೇಲೆ ಸಂಶೋಧಕರು ಕಂಪನಿ ಕಂಪನಿಗಳ ಹಾಜರಿಪಟ್ಟಿ ಹಿಡಿದು ಒಬ್ಬೊಬ್ಬನನ್ನೇ ಹುಡುಕಿದಾಗ ಸತ್ತವರ ಸಂಖ್ಯೆ 232 ಅಲ್ಲ, ಸುಮಾರು 500 ಎಂದಾಯಿತು. ಹಲಗೆಯ ಮೇಲಿನ ಎರಡರಷ್ಟು.

ಕಾಣೆಯಾಗಲು ಬಡ ಸಿಪಾಯಿಯೇ ಆಗಬೇಕಿಲ್ಲ. ಬ್ರಿಗೇಡಿಯರ್ ಜನರಲ್ ಗಾರ್ನೆಟ್‌ನನ್ನೇ ನೋಡಿ. ಹಿಂದಿನ ವರ್ಷ ಒಂದು ಕಾಳಗದಲ್ಲಿ ಅಪ್ಪಣೆಯಿಲ್ಲದೆ ಹಿಂದೆ ಸರಿದನೆಂದು ಜನರಲ್ ಜಾಕ್ಸನ್ ಅವನ ಮೇಲೆ ಸೈನಿಕ ವಿಚಾರಣೆ ಹೂಡಿದ್ದ. ಅದು ಪೂರ್ತಿಯಾಗಿ ತೀರ್ಮಾನವಾಗುವ ಮೊದಲೇ ಜಾಕ್ಸನ್ ತೀರಿಕೊಂಡ; ಕಳಂಕ ಹಾಗೇ ಉಳಿಯಿತು. ಗೆಟ್ಟಿಸ್‌ಬರ್ಗ್‌ನಲ್ಲಿ ಗಾರ್ನೆಟ್‌ಗೆ ನಡೆಯಲಾಗುತ್ತಿರಲಿಲ್ಲ. ಕುದುರೆಯ ಮೇಲೆ ಕುಳಿತು ಹೋದರೆ ಎಲ್ಲರ ಬಂದೂಕಿಗೂ ಗುರಿ ಎಂಬುದು ಗೊತ್ತಿದ್ದೂ ಕುದುರೆಯೇರಿಯೇ ಹೊರಟ. ಗೋಡೆಗೆ ಸ್ವಲ್ಪ ದೂರದಲ್ಲಿ ಬಿದ್ದ. ಹೆಣವನ್ನು ಯಾರೂ ಗುರುತಿಸಲಿಲ್ಲ. ಅವನ ಕತ್ತಿ ಎಷ್ಟೋ ವರ್ಷಗಳ ಮೇಲೆ ಬಾಲ್ಟಿಮೋರಿನ ಅಂಗಡಿಯೊಂದರಲ್ಲಿ ಅವನದೇ ಸೇನೆಯ ಹಳೆಯ ಜನರಲ್ ಒಬ್ಬನ ಕಣ್ಣಿಗೆ ಬಿತ್ತು. ಹಾಲಿವುಡ್ ಸ್ಮಶಾನದಲ್ಲಿ ಅವನ ಹೆಸರಿಗೊಂದು ಕಲ್ಲು ಬಂದದ್ದು 1991ರಲ್ಲಿ. ನಿಂತು ಸತ್ತ ಜಾಗ ಸಾವಿರಾರು ಜನಕ್ಕೆ ಕಾಣುತ್ತಿತ್ತು, ಆದರೂ ಕಾಣೆ.

ಲಿಂಕನ್ 1863ರ ನವೆಂಬರ್ 19ರಂದು ಭಾಷಣ ಮಾಡಿದ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಸಿಕ್ಕಿದ್ದು ಉತ್ತರದವರಿಗೆ ಮಾತ್ರ. ಅವರಲ್ಲೂ 979 ಮಂದಿಯ ಗುರುತು ಸಿಕ್ಕಿಲ್ಲ. ಅವರ ಪುಟ್ಟ ಕಲ್ಲುಗಳ ಮೇಲೆ ಬರೀ ಅಂಕಿಗಳಿವೆ. ದಕ್ಷಿಣದವರ ಹೆಣಗಳು ಬೇಲಿಯ ಬದಿಯ ಆಳವಿಲ್ಲದ ಗುಂಡಿಗಳಲ್ಲಿ ಸುಮಾರು ಎಂಟು ವರ್ಷ ಉಳಿದವು. ಸುತ್ತ ಉಳುಮೆ ನಡೆಯುತ್ತಿತ್ತು. ಕೊನೆಗೆ ದಕ್ಷಿಣದ ಹೆಂಗಸರು ಸಂಘ ಕಟ್ಟಿ, ಚಂದಾ ಎತ್ತಿ, ತಮ್ಮವರ ಮೂಳೆ ಕಳಿಸಿಕೊಡಿ ಎಂದು ಬರೆದರು. ರೂಫಸ್ ವೀವರ್ ಎಂಬ ಅಂಗರಚನಾಶಾಸ್ತ್ರದ ವೈದ್ಯ 1871ರಿಂದ 1873ರವರೆಗೆ 3,320 ಮಂದಿಯ ಅಸ್ಥಿಗಳನ್ನು ತೆಗೆಸಿ ಪೆಟ್ಟಿಗೆಗಳಲ್ಲಿ ಕಳಿಸಿದ. ಅವುಗಳಲ್ಲಿ 2,935 ರಿಚ್‌ಮಂಡ್‌ನ ಹಾಲಿವುಡ್‌ಗೆ ಹೋದವು. ಅವನಿಗೆ ಸಲ್ಲಬೇಕಾದ ಹಣ ಪೂರ್ತಿಯಾಗಿ ಸಲ್ಲಲೇ ಇಲ್ಲ. ಆ ಹೆಂಗಸರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಬಾಗಿಲಿಗೆ ಅಗಳಿ ಹಾಕಿರಲಿಲ್ಲವೋ!

ಇಷ್ಟು ಓದುವ ಹೊತ್ತಿಗೆ ನಾನು ಆ ಡಿವಿಷನ್ನಿನ ಪಕ್ಷ ವಹಿಸಿಬಿಟ್ಟಿದ್ದೆ ಎನ್ನಬೇಕು. ಕಾಣೆಯಾದವರೆಲ್ಲ ನನ್ನ ಮಾವನ ಮುಖ ಹೊತ್ತು ಕಾಣಿಸುತ್ತಿದ್ದರು. ಆಗ ಫಲಕದ ಮೊದಲ ಸಾಲಿಗೆ ಸಂಬಂಧಪಟ್ಟ ಒಂದು ಕಾಗದದ ವಿಷಯ ಎದುರಾಯಿತು.

ಜುಲೈ 1ರಂದು ಡಿವಿಷನ್ ಚೇಂಬರ್ಸ್‌ಬರ್ಗ್‌ನಲ್ಲಿ ಗಾಡಿಗಳ ಕಾವಲಿಗಿತ್ತು ಎಂದು ಫಲಕ ಹೇಳುತ್ತದಷ್ಟೆ. ಅದೇ ದಿನ ಲಾಂಗ್‌ಸ್ಟ್ರೀಟ್‌ನ ಕಚೇರಿಯಿಂದ ಪಿಕೆಟ್‌ಗೆ ಹೊರಟುಬರುವಂತೆ ಆದೇಶ ಹೋಯಿತು. ಅದರಲ್ಲಿ, ಹಿಡಿದಿಟ್ಟ ಕಪ್ಪುಜನರನ್ನೂ ಜೊತೆಗೆ ಕರೆತಂದರೆ ಒಳ್ಳೆಯದು ಎಂಬ ಅರ್ಥದ ಮಾತಿದೆ. ಲೀಯ ಸೇನೆ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಅಲ್ಲಿನ ಕಪ್ಪುಜನರನ್ನು ಹಿಡಿಯಿತು. ದಕ್ಷಿಣದಿಂದ ತಪ್ಪಿಸಿಕೊಂಡು ಬಂದವರನ್ನಷ್ಟೇ ಅಲ್ಲ, ಹುಟ್ಟಿನಿಂದಲೇ ಸ್ವತಂತ್ರರಾಗಿದ್ದವರನ್ನೂ, ಹೆಂಗಸರು ಮಕ್ಕಳು ಎನ್ನದೆ ಹಿಡಿದು ಗುಲಾಮಗಿರಿಗೆ ದಕ್ಷಿಣಕ್ಕೆ ಅಟ್ಟಿತು. ಸಾಮಾನು ಗಾಡಿಗಳ ಕಾವಲು ಎಂಬ ಆ ಸಾದಾ ಸಾಲಿನ ಹಿಂದೆ ಇವರು ನಿಂತಿದ್ದಾರೆ. ಇವರಿಗೆ ಬ್ರಿಗೇಡಿಲ್ಲ, ಹಾಜರಿಪಟ್ಟಿಯಿಲ್ಲ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಂಬ ಮೂರು ಸಾಲುಗಳಲ್ಲಿ ಒಂದರಲ್ಲೂ ಇವರಿಲ್ಲ. ಕಾಣೆಯಾದವರೆಂದು ಬರೆಯಬೇಕಾದರೂ ಮೊದಲು ಯಾರಾದರೂ ಎಣಿಸಿರಬೇಕು.

ಇನ್ನೊಂದು ಸಲ ಕರೆದುಕೊಂಡು ಹೋಗಿ ಎಂದು ಅಳಿಯಂದಿರನ್ನು ಕೇಳಿಕೊಂಡೆ. ಈ ಸಲ ಬಯಲಿನ ಆಚೆಯ ದಿಬ್ಬಕ್ಕೆ ಹೋದೆವು. ದಾಳಿ ಮುರಿದುಬಿದ್ದ ಕಲ್ಲುಗೋಡೆಯಿಂದ ಸ್ವಲ್ಪ ಉತ್ತರಕ್ಕೆ ನಡೆದರೆ ಒಂದು ಚಿಕ್ಕ ಬಿಳಿಯ ಮನೆಯಿದೆ. ಅಬ್ರಹಾಂ ಬ್ರಯಾನ್ ಎಂಬ ಸ್ವತಂತ್ರ ಕಪ್ಪು ರೈತನ ಮನೆ ಅದು. 12 ಎಕರೆ ಜಮೀನು. ಸೇನೆ ಬರುವ ಸುದ್ದಿ ಕೇಳಿ ಅವನು ಹೆಂಡತಿ ಮಕ್ಕಳೊಡನೆ ಓಡಿಹೋಗಿದ್ದ. ಮರಳಿ ಬಂದಾಗ ಬೆಳೆ, ಬೇಲಿ, ತೋಟ ಎಲ್ಲ ನಾಶವಾಗಿತ್ತು. 1,028 ಡಾಲರ್ ಪರಿಹಾರ ಕೇಳಿದ. ಸರ್ಕಾರ ಕೊಟ್ಟದ್ದು 15 ಡಾಲರ್. ರಾಷ್ಟ್ರೀಯ ಸ್ಮಶಾನಕ್ಕೆಂದು ಉತ್ತರದವರ ಹೆಣಗಳನ್ನು ಗುಂಡಿಗಳಿಂದ ತೆಗೆದ ಕೆಲಸಗಾರರನ್ನು ನಡೆಸಿದವನು ಬೇಸಿಲ್ ಬಿಗ್ಸ್ ಎಂಬ ಮತ್ತೊಬ್ಬ ಕಪ್ಪು ರೈತ. ಅವನೂ ಸೇನೆಗೆ ಹೆದರಿ ಓಡಿ, ಕೊಳ್ಳೆಹೋದ ಮನೆಗೆ ಮರಳಿದವನೇ. ಬಿಳಿಯರು ಬಿಳಿಯರನ್ನು ಕೊಂದರು; ಹೆಣಗಳನ್ನು ಮರ್ಯಾದೆಯಿಂದ ಎತ್ತಿಟ್ಟ ಕೈಗಳು ಇವರವು.

1913ರಲ್ಲಿ ಯುದ್ಧದ ಐವತ್ತನೆಯ ವರ್ಷಕ್ಕೆ 50,000ಕ್ಕೂ ಹೆಚ್ಚು ಮುದಿ ಸೈನಿಕರು ಅಲ್ಲಿ ಸೇರಿ, ಆ ಕಲ್ಲುಗೋಡೆಯ ಮೇಲೆ ಕೈಚಾಚಿ ಪರಸ್ಪರ ಕೈಕುಲುಕಿದ ಚಿತ್ರವನ್ನು ನೋಡಿದೆ. ಕಣ್ಣು ತುಂಬುವ ಚಿತ್ರವೇ. ಹೊಗಳಿಕೆಯಿಲ್ಲದ, ತೆಗಳಿಕೆಯಿಲ್ಲದ ಆ ಕಂಚಿನ ಭಾಷೆಯಿಂದಲೇ ಅದು ಸಾಧ್ಯವಾಯಿತು ಎಂದು ಒಪ್ಪುತ್ತೇನೆ. ಆದರೆ ರಾಜಿ ಮಾಡಿಕೊಂಡವರು ಹೊಡೆದಾಡಿದವರಿಬ್ಬರೇ. ಯಾವುದಕ್ಕಾಗಿ ಹೊಡೆದಾಟ ನಡೆಯಿತೋ ಅವರನ್ನು ಪಂಕ್ತಿಗೆ ಕರೆದಿರಲಿಲ್ಲ.

ಹಾಗಾದರೆ 1499 ಮಂದಿಗಾಗಿ ನಾನು ಮರುಗಿದ್ದು ತಪ್ಪೇ? ಬಹಳ ದಿನ ಈ ಪ್ರಶ್ನೆಯನ್ನು ಮಗುವಿನ ತೊಟ್ಟಿಲ ಜೊತೆಗೇ ತೂಗಿದ್ದೇನೆ. ಅವರು ಹೊರಟದ್ದು ಮನುಷ್ಯರನ್ನು ಮಾರುವ ವ್ಯವಸ್ಥೆಯ ಉಳಿವಿಗೆ; ಅದನ್ನು ಮುಚ್ಚಿಟ್ಟು ಪಾಠ ಮಾಡುವುದು ನನ್ನಿಂದಾಗದು. ಅವರ ಮನೆಗಳಲ್ಲೂ ಬಾಗಿಲು ತೆರೆದಿತ್ತು. ಅದನ್ನು ಮರೆಯುವುದೂ ಆಗದು. ಎರಡನ್ನೂ ಒಂದೇ ಹಲಗೆಯ ಮೇಲೆ ಬರೆಯಲು ಆಯೋಗಕ್ಕೆ ಆಗಲಿಲ್ಲ. ನನ್ನ ಕರಿಹಲಗೆ ದೊಡ್ಡದು, ಅಳಿಸಿ ಬರೆಯಲೂಬಹುದು. ಈಗ ಆ ಪಾಠಕ್ಕೆ ನಾನು ಎರಡು ಪೀರಿಯಡ್ ತೆಗೆದುಕೊಳ್ಳುತ್ತೇನೆ. ಕೊನೆಯಲ್ಲಿ ಮೂರು ಸಾಲುಗಳ ಲೆಕ್ಕ ಬರೆದು, ಕೆಳಗೆ ನಾಲ್ಕನೆಯದೊಂದು ಸಾಲು ಎಳೆದು, ಅದನ್ನು ಖಾಲಿ ಬಿಡುತ್ತೇನೆ. ಅದೇಕೆ ಎಂದು ಯಾರಾದರೂ ಕೇಳುವ ತನಕ ಕಾಯುತ್ತೇನೆ. ಹಿಂದಿನ ಬೆಂಚಿನವರೇ ಕೇಳುತ್ತಾರೆ.

ಅತ್ತೆ ತೀರಿಕೊಂಡದ್ದು 1998ರಲ್ಲಿ. ಸ್ನಾನ ಮಾಡಿಸುವಾಗ ನೆಂಟರ ಹೆಂಗಸರಲ್ಲಿ ಗುಸುಗುಸು ಹುಟ್ಟಿತು. ಮುತ್ತೈದೆಗೆ ಮಾಡುವಂತೆ ಮಾಡಬೇಕೋ ಬೇಡವೋ? ಪಿಂಚಣಿ ತೆಗೆದುಕೊಂಡಿದ್ದಾರಲ್ಲ, ಸರ್ಕಾರವೇ ಹೇಳಿದೆಯಲ್ಲ ಎಂದು ಯಾರೋ ಅಂದರು. ನಮ್ಮಮ್ಮ ಎಂದೂ ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಅಂದು ಹೇಳಿದರು: “ಕಾಗದದಲ್ಲಿ ಏನಾದರೂ ಇರಲಿ. ಮೂವತ್ತಾರು ವರ್ಷ ಅತ್ತಿಗೆ ತಾನೇ ಇಟ್ಟುಕೊಂಡ ಕುಂಕುಮ ಒರೆಸೋದಕ್ಕೆ ನಾವು ಯಾರು?” ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಹೂ ಮುಡಿಸಿ ಕಳಿಸಿದೆವು. ಆ ರಾತ್ರಿ ಮುಂಬಾಗಿಲ ಅಗಳಿ ಹಾಕಲು ಯಾರಿಗೂ ಕೈ ಬರಲಿಲ್ಲ.

ಅಮೆರಿಕದಿಂದ ಬಂದ ಮೇಲೆ ಅಮ್ಮನಿಗೆ ಮರಿಮಗಳ ಫೋಟೋಗಳನ್ನು ತೋರಿಸುತ್ತಿದ್ದೆ. ನಡುವೆ ಆ ಫಲಕದ ಚಿತ್ರ ಬಂತು. ಎಂಬತ್ತು ದಾಟಿದ ಅಮ್ಮ ಕನ್ನಡಕ ಸರಿಮಾಡಿಕೊಂಡು, “ಇದೇನೇ ಕಲ್ಲು, ಏನು ಬರೆದಿದೆ?” ಎಂದರು. ಅಲ್ಲಿಯೂ ಒಂದು ಯುದ್ಧ ಆಗಿತ್ತಮ್ಮ, ಸತ್ತವರು ಇಷ್ಟು, ಗಾಯಗೊಂಡವರು ಇಷ್ಟು, ಸಿಕ್ಕದೆ ಹೋದವರು ಇಷ್ಟು ಎಂದು ಓದಿ ಹೇಳಿದೆ. ಅಮ್ಮ ಚಿತ್ರವನ್ನೇ ನೋಡುತ್ತಿದ್ದರು. ಯುದ್ಧ ಯಾವುದು, ಗೆದ್ದವರು ಯಾರು ಎಂದು ಕೇಳಲಿಲ್ಲ.

“ಸಿಕ್ಕದವರ ಮನೆಯೋರಿಗೆ ಆಮೇಲಾದರೂ ಗೊತ್ತಾಯಿತಂತಾ?” ಎಂದರು.

“ಕೆಲವರಿಗೆ” ಎಂದೆ.